ಮುಟ್ಟಬೇಡ ಎಂದಿದ್ದ ಸ್ಪಂಜು

ಆ ಮನೆಯ ಸೊಸೆಗೆ ಗಂಡ ಇಟ್ಟಿದ್ದ ಅಡ್ಡಹೆಸರು ಫಿನಾಯಿಲ್. ಹಾಗೆ ಕರೆದಾಗಲೆಲ್ಲ ಬೈದು ಬೈದು ಸಾಕಾಗಿ, ಕೊನೆಗೆ ಅವಳೇ ಅದಕ್ಕೆ ಓಗೊಡುವಂತಾಗಿದ್ದಳು. ತಪ್ಪು ಅವನದೂ ಅಲ್ಲ ಬಿಡಿ, ಅವಳ ಕೆಲಸವೇ ಅಂಥದು. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಆಪರೇಷನ್ನಿಗೆ ಬಳಸಿದ ಕತ್ತರಿ, ಚಿಮಟ, ತಟ್ಟೆಗಳು ಅವಳ ಮುಂದೆ ಬರುತ್ತಿದ್ದವು. ಅವನ್ನು ಉಜ್ಜಿ ತೊಳೆದು, ಹಬೆಯ ಯಂತ್ರಕ್ಕೆ ತುಂಬಿ, ಕಣ್ಣಿಗೆ ಕಾಣದ ಕ್ರಿಮಿಗಳ ಹುಟ್ಟಡಗಿಸಿ, ಬಟ್ಟೆಯಲ್ಲಿ ಸುತ್ತಿ ಮೇಲಿನ ಮಹಡಿಗೆ ಕಳಿಸುವುದು ಅವಳ ಹೊಣೆ. ದಿನವಿಡೀ ಅದನ್ನೇ ಮಾಡಿದ ಕೈ ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ಬಾಗಿಲ ಹಿಡಿ, ನಲ್ಲಿಯ ತಿರುಪು, ಸ್ವಿಚ್ಚು, ಗಂಡನ ಫೋನು, ಒಂದನ್ನೂ ಬಿಡುತ್ತಿರಲಿಲ್ಲ. ಅವನು ಬೇಕರಿಯ ವ್ಯಾನ್ ಓಡಿಸಿ ಮನೆಗೆ ಬಂದರೆ ಕಾಲಿಡುವ ಮೊದಲೇ ಸೋಪು ಕೈಗೆ ಬರುತ್ತಿತ್ತು.

ಆ ಮನೆಯಲ್ಲಿ ಅವಳ ಕೈಗೆ ಸಿಗದೆ ಉಳಿದಿದ್ದದ್ದು ಒಂದೇ, ಮಾವನ ಮೀನಿನ ತೊಟ್ಟಿ.

ಮಾವನನ್ನು ಬೀದಿಯವರೆಲ್ಲ ಬೋರ್ಡು ಮೇಷ್ಟ್ರು ಅನ್ನುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಅಂಗಡಿಗಳಿಗೆ ಹೆಸರಿನ ಹಲಗೆ ಬರೆದವರು. ಔಷಧದಂಗಡಿ, ಸೈಕಲ್ ಶಾಪು, ಬೀಗ ರಿಪೇರಿ, ಸುತ್ತಲಿನ ನಾಲ್ಕು ಬೀದಿಗಳಲ್ಲಿ ತಲೆ ಎತ್ತಿ ನೋಡಿದ ಕಡೆಯೆಲ್ಲ ಅವರ ಅಕ್ಷರ. ಕಣ್ಣಿಗೆ ಪೊರೆ ಬಂದ ಮೇಲೆ ಗೆರೆಯ ಅಂಚು ಕೈಗೆ ಸಿಗದಾಯಿತು. ಒಬ್ಬ ಹಳೆಯ ಗಿರಾಕಿ, ಮೇಷ್ಟ್ರೇ ಸ್ವಲ್ಪ ಸೊಟ್ಟಗಾಯ್ತೇನೋ ಎಂದು ತಲೆ ಕೆರೆದುಕೊಂಡದ್ದೇ ಸಾಕಾಯಿತು. ಮನೆಗೆ ಬಂದು ಕುಂಚಗಳನ್ನೆಲ್ಲ ತೊಳೆದು ಡಬ್ಬಿಯಲ್ಲಿ ನಿಲ್ಲಿಸಿಟ್ಟರು. ಜಂಬದ ಮನುಷ್ಯರಲ್ಲ, ಆದರೆ ಕೆಲಸದ ವಿಷಯದಲ್ಲಿ ಮೂಗಿನ ತುದಿಯಲ್ಲಿ ಮಾನ ಇಟ್ಟುಕೊಂಡವರು.

ಆಮೇಲೆ ಬಂದದ್ದು ಮೀನು. ಮೂರಡಿ ಉದ್ದದ ಗಾಜಿನ ತೊಟ್ಟಿ, ಅದರ ತುಂಬ ನಿಯಾನ್ ಟೆಟ್ರಾಗಳು. ಬೆರಳಿನ ಒಂದು ಗೆಣ್ಣಿಗಿಂತ ಸ್ವಲ್ಪ ಉದ್ದದ ಮೀನು, ಬೆನ್ನಿನುದ್ದಕ್ಕೆ ಹೊಳೆಯುವ ನೀಲಿ ಗೆರೆ, ಬಾಲದ ಕಡೆಗೆ ಅಪ್ಪಟ ಕೆಂಪು. ಮಾವನ ಕಣ್ಣಿಗೆ ಮನುಷ್ಯರ ಮುಖವೇ ಮಸುಕಾಗಿದ್ದ ಕಾಲದಲ್ಲೂ ಆ ನೀಲಿ ಮಾತ್ರ ಕಾಣುತ್ತಿತ್ತು. ಒಂದು ತಿರುಗಿದರೆ ಎಲ್ಲವೂ ತಿರುಗುತ್ತಿದ್ದವು, ಒಂದು ನಿಂತರೆ ಎಲ್ಲವೂ ನಿಲ್ಲುತ್ತಿದ್ದವು. ಒಂದೇ ಎಳೆತಕ್ಕೆ ಉದ್ದ ಗೆರೆ ಎಳೆದ ಹಾಗಿದೆ ನೋಡಮ್ಮ ಎಂದು ಸೊಸೆಯನ್ನು ಕರೆದು ತೋರಿಸುತ್ತಿದ್ದರು. ಇವು ಗುಂಪಿನ ಜೀವ, ಒಂದೋ ಎರಡೋ ತಂದರೆ ಮೂಲೆ ಹಿಡಿದು ಬಣ್ಣ ಕಳೆದುಕೊಳ್ಳುತ್ತವೆ, ಅದಕ್ಕೇ ಹಿಂಡನ್ನೇ ತಂದಿದ್ದೇನೆ ಎನ್ನುತ್ತಿದ್ದರು. ಅವಳು ಹೂಂಗುಟ್ಟುತ್ತಿದ್ದಳು, ಕಣ್ಣೆಲ್ಲ ಗಾಜಿನ ಒಳಗೋಡೆಗೆ ಹತ್ತಿದ ಹಸಿರು ಪಾಚಿಯ ಮೇಲೆ.

ಪಾಚಿಗಿಂತ ಅವಳನ್ನು ಕಾಡಿದ್ದು ಸ್ಪಂಜು. ತೊಟ್ಟಿಯ ಮೂಲೆಯಲ್ಲಿ ನೀರು ಸೋಸುವ ಸಣ್ಣ ಯಂತ್ರ, ಅದರೊಳಗೆ ಅಂಗೈಯಗಲದ ಒಂದು ಸ್ಪಂಜು. ಕಂದು ಬಣ್ಣಕ್ಕೆ ತಿರುಗಿ ಲೋಳೆಲೋಳೆಯಾಗಿತ್ತು. ವಾರಕ್ಕೊಮ್ಮೆ ಮಾವ ತೊಟ್ಟಿಯ ಒಂದು ಬಕೆಟ್ ನೀರು ತೆಗೆಯುತ್ತಿದ್ದರು. ಆ ಸ್ಪಂಜನ್ನು ಹೊರಗೆ ತೆಗೆದು, ನಲ್ಲಿ ಪಕ್ಕದಲ್ಲೇ ಇದ್ದರೂ, ಅದೇ ಕೊಳಕು ನೀರಿನಲ್ಲಿ ಒಂದೆರಡು ಸಲ ಹಿಂಡಿ ಮತ್ತೆ ಒಳಗೆ ಸೇರಿಸುತ್ತಿದ್ದರು. ತೆಗೆದ ನೀರಿಗೆ ಬದಲಾಗಿ, ಹಿಂದಿನ ದಿನವೇ ಹಿಡಿದಿಟ್ಟಿದ್ದ ನೀರನ್ನು ಮೆಲ್ಲಗೆ ಸುರಿಯುತ್ತಿದ್ದರು. ಅವಳು ಇದನ್ನು ನೋಡಿ ನೋಡಿ, ನಮ್ಮ ಮಾವ ಕೊಳೆಯನ್ನ ಕೊಳೆಯಲ್ಲೇ ತೊಳೀತಾರೆ ಎಂದು ಬಂದವರೆದುರೆಲ್ಲ ನಗಾಡಿದ್ದಳು. ಮಾವ, ಅದು ಹಾಗೇ ಕಣಮ್ಮ ಎಂದು ತಾವೂ ನಗುತ್ತಿದ್ದರು. ಯಾಕೆ ಹಾಗೆ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು, ಗುಟ್ಟೇನೂ ಅಲ್ಲ. ಆದರೆ ನಗುವುದಕ್ಕೆ ಬಿಡುವಿರುವವರಿಗೆ ಕೇಳುವುದಕ್ಕೆ ಬಿಡುವೆಲ್ಲಿರುತ್ತದೆ?

ಅಂತೂ ಮಾವ ಕಣ್ಣಿನ ಆಪರೇಷನ್ನಿಗೆ ಒಪ್ಪಿದರು. ಮಗಳ ಊರಿನಲ್ಲಿ ಒಳ್ಳೆಯ ಕಣ್ಣಾಸ್ಪತ್ರೆ ಇತ್ತು. ಮಗ ರಜೆ ಹಾಕಿ ಜೊತೆಗೆ ಹೋಗುವುದು, ಎರಡೂ ಕಣ್ಣು ಮುಗಿಸಿಕೊಂಡು ಮಗಳ ಮನೆಯಲ್ಲಿ ಕೆಲವು ದಿನ ಇದ್ದು ಬರುವುದು ಎಂದಾಯಿತು. ಸುದ್ದಿ ಕಿವಿಗೆ ಬಿದ್ದದ್ದೇ ಎದುರು ಸಾಲಿನ ಕ್ಷೌರದಂಗಡಿಯವನು ಬಾಚಣಿಗೆ ಕಿವಿಗೆ ಸಿಕ್ಕಿಸಿಕೊಂಡೇ ಓಡಿಬಂದ. ಅವನ ಹಲಗೆಯ ಬಣ್ಣ ಉದುರಿ ಹೋಗಿತ್ತು. ಹೊಸದನ್ನು ಮೇಷ್ಟ್ರ ಕೈಯಲ್ಲೇ ಬರೆಸಬೇಕೆಂದು ತಡೆದುಕೊಂಡಿದ್ದನಂತೆ, ಇನ್ನಷ್ಟು ದಿನ ಕಾಯುವುದು ಏನು ಮಹಾ ಎಂದ. ಅವತ್ತು ಮಾವನಿಗೆ ಎಷ್ಟು ಖುಷಿಯಾಗಿತ್ತೆಂದರೆ, ಊಟಕ್ಕೆ ಕುಳಿತವರು ತಟ್ಟೆಯ ಪಕ್ಕದಲ್ಲಿ ಒದ್ದೆ ಬೆರಳಿನಿಂದ ಅಕ್ಷರ ಬರೆಯುತ್ತಲೇ ಇದ್ದರು. ಅವಳು ಬಟ್ಟೆ ತಂದು ಒರೆಸುತ್ತಲೇ ಇದ್ದಳು.

ಹೊರಡುವ ದಿನ ಬೆಳಿಗ್ಗೆ ಸೊಸೆಯನ್ನು ತೊಟ್ಟಿಯ ಮುಂದೆ ನಿಲ್ಲಿಸಿಕೊಂಡು ಹೇಳಿದರು. "ದಿನಕ್ಕೊಂದು ಚಿಟಿಕೆ ಊಟ ಹಾಕು, ಸಾಕು. ಬೇರೆ ಏನೂ ಮುಟ್ಟಬೇಡ. ಆ ಸ್ಪಂಜಂತೂ ಮುಟ್ಟಲೇಬೇಡಮ್ಮ."

"ಆಯ್ತು ಮಾವ," ಅಂದಳು. ಅನ್ನುವಾಗ ಮನಸ್ಸಿನಲ್ಲಿ ಮೋಸ ಇರಲಿಲ್ಲ.

ಮನೆ ಖಾಲಿಯಾದ ಮೇಲೆ ಅವಳಿಗೆ ಯೋಚನೆ ಹತ್ತಿತು. ಕಣ್ಣಿನ ಆಪರೇಷನ್ ಆದವರಿಗೆ ಕ್ರಿಮಿ ತಗುಲಿದರೆ ಏನಾಗುತ್ತದೆ ಎಂಬುದು ಬೇರೆಯವರಿಗೆ ಬರೀ ಮಾತು. ಅವಳಿಗೆ ಹಾಗಲ್ಲ. ಕೈ ತೊಳೆಯದ ಒಬ್ಬ ರೋಗಿಯ ಕಣ್ಣು ಹೋದ ಕಥೆಯನ್ನು ನೆಲಮಾಳಿಗೆಯಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಹೇಳಿ ಹೆದರಿಸುತ್ತಿದ್ದವಳೇ ಅವಳು. ಮಾವ ಬಂದವರೇ ತೊಟ್ಟಿಗೆ ಕೈ ಹಾಕುತ್ತಾರೆ, ಅದೇ ಕೈಯಲ್ಲಿ ಕಣ್ಣುಜ್ಜುತ್ತಾರೆ. ಆ ಲೋಳೆ ಸ್ಪಂಜು ಕಣ್ಣ ಮುಂದೆ ಕುಣಿಯತೊಡಗಿತು. ಇನ್ನೂ ಒಂದು ಆಸೆ ಇತ್ತು, ಅದು ಹೆಚ್ಚು ಮೃದುವಾದದ್ದು. ವರ್ಷಗಳ ಮೇಲೆ ಕಣ್ಣು ತಿಳಿಯಾಗಿ ಮನೆಗೆ ಬರುವ ಮನುಷ್ಯ ಮೊದಲು ನೋಡುವುದು ಆ ಮೀನುಗಳನ್ನು. ನೋಡಿದಾಗ ಗಾಜು ಗಾಜಿನ ಹಾಗೆ ಇರಬೇಕು, ನೀರು ನೀರಿನ ಹಾಗೆ ಇರಬೇಕು. ಮಾವ ಬಾಯಿಬಿಟ್ಟು ಭೇಷ್ ಎನ್ನುವುದನ್ನು ಅವಳು ಆಗಲೇ ಕೇಳಿಸಿಕೊಂಡಾಗಿತ್ತು.

ರಜೆಯ ದಿನ ಸೆರಗು ಸಿಕ್ಕಿಸಿ ನಿಂತಳು. ಮೀನುಗಳನ್ನು ಜಾಲರಿಯಲ್ಲಿ ಹಿಡಿದು ಬಕೆಟ್ಟಿಗೆ ಬಿಟ್ಟಳು. ತೊಟ್ಟಿಯ ನೀರೆಲ್ಲ ಚೆಲ್ಲಿ ಗಾಜು ಉಜ್ಜಿದಳು, ಕಲ್ಲುಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದಳು. ಸ್ಪಂಜನ್ನಂತೂ ಬಿಸಿನೀರು ಹೊಯ್ದು ಹೊಯ್ದು ಹಿಂಡಿದಳು. ಕಂದು ನೀರು ಇಳಿದಷ್ಟೂ ಅವಳಿಗೆ ಸಮಾಧಾನ. ಕೊನೆಗೆ ಸ್ಪಂಜಿನ ಹುಟ್ಟುಬಣ್ಣ ತಿಳಿನೀಲಿ ಎಂದು ಗೊತ್ತಾಯಿತು. ಮಾವ ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದ ನೀರನ್ನೇ ತುಂಬಿ, ಮೀನುಗಳನ್ನು ಬಿಟ್ಟು, ಕೈ ಒರೆಸಿಕೊಂಡು ದೂರ ನಿಂತು ನೋಡಿದಳು. ನೀರಿದೆಯೋ ಇಲ್ಲವೋ ಎನ್ನುವಷ್ಟು ಸ್ವಚ್ಛ. ನೀಲಿ ಗೆರೆಗಳು ಗಾಳಿಯಲ್ಲಿ ತೇಲಿದ ಹಾಗಿದ್ದವು. ಅವಳು ಅಷ್ಟು ಹೊತ್ತು ಮೀನು ನೋಡಿದ್ದು ಅದೇ ಮೊದಲು, ಮತ್ತು ನಿಜವಾಗಿ ಸಂತೋಷಪಟ್ಟಳು.

ಒಂದೆರಡು ದಿನದಲ್ಲಿ ಹಿಂಡು ಒಡೆಯಿತು. ಒಟ್ಟಿಗೆ ತಿರುಗುತ್ತಿದ್ದ ಮೀನುಗಳು ಒಂದೊಂದು ದಿಕ್ಕಿಗಾದವು. ಕೆಲವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು, ಕೆಲವು ಕಲ್ಲಿನ ಮೇಲೆ ಒರಗಿದ್ದವು. ನೀಲಿ ಬೂದಿಗೆ ತಿರುಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಮೊದಲ ಸಾವು. ಅವಳಿಗೆ ಗೊತ್ತಿದ್ದ ರೋಗ ಒಂದೇ, ಗೊತ್ತಿದ್ದ ಔಷಧವೂ ಒಂದೇ. ಕ್ರಿಮಿ ಇನ್ನೂ ಉಳಿದಿದೆ, ನಾನು ಸರಿಯಾಗಿ ತೊಳೆದಿಲ್ಲ ಎಂದುಕೊಂಡಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಇವಳು ಜ್ವರ ಬಂದ ಎತ್ತಿಗೇ ಎರಡನೆಯ ಬರೆ ಎಳೆದಳು. ಮತ್ತೆ ನೀರು ಚೆಲ್ಲಿ, ಮತ್ತೆ ಕುದಿಸಿ, ಈ ಸಲ ಸ್ಪಂಜನ್ನು ಕ್ರಿಮಿನಾಶಕದಲ್ಲಿ ನೆನೆಹಾಕಿ ತೊಳೆದಳು. ಹಿಡಿದಿಟ್ಟ ನೀರು ಮುಗಿದಿತ್ತು, ನಲ್ಲಿಯಿಂದಲೇ ತುಂಬಿದಳು. ಸಂಜೆ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಅವನ್ನು ಒಂದು ತಟ್ಟೆಗೆ ಎತ್ತಿಟ್ಟಾಗ ಒಣಗಿದ ಎಲೆಯ ಚೂರಿನಷ್ಟೂ ತೂಕವಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತಳು.

ಗಂಡನಿಗೆ ಫೋನು ಮಾಡಿದಳು. ಮೀನೆಲ್ಲ ಹೋದವು ಎಂದಷ್ಟೇ ಹೇಳಿದಳು, ತೊಳೆದ ಮಾತು ನಾಲಿಗೆಗೆ ಬರಲಿಲ್ಲ. ಅವನು ಗಾಬರಿಯಾಗಿ ದನಿ ತಗ್ಗಿಸಿದ. ಡಾಕ್ಟರು ಅಪ್ಪ ಅಳಬಾರದು ಎಂದಿದ್ದಾರೆ, ಕಣ್ಣಿಗೆ ಆಯಾಸ ಆಗಬಾರದಂತೆ, ಮನೆಗೆ ಬರುವವರೆಗೆ ಇದರ ಸುದ್ದಿ ಎತ್ತಬೇಡ ಎಂದ. ಅವಳಿಗೆ ಅಷ್ಟೇ ಬೇಕಾಗಿತ್ತು. ಹೇಳಬಾರದು ಎಂದು ಡಾಕ್ಟರೇ ಹೇಳಿದ ಮೇಲೆ ತನ್ನದೇನು ತಪ್ಪು?

ಮಾವ ಕಪ್ಪು ಕನ್ನಡಕ ಹಾಕಿಕೊಂಡು, ಮಗನ ಕೈ ಬಿಡಿಸಿಕೊಂಡು ತಾವೇ ಮೆಟ್ಟಿಲು ಹತ್ತಿ ಬಂದರು. ದಾರಿಯಲ್ಲೇ ಮಗ ಸುದ್ದಿ ಹೇಳಿದ್ದನಂತೆ. ನೆಟ್ಟಗೆ ತೊಟ್ಟಿಯ ಮುಂದೆ ಹೋಗಿ ಕುರ್ಚಿ ಎಳೆದುಕೊಂಡರು. ಕನ್ನಡಕ ತೆಗೆದು ಖಾಲಿ ನೀರನ್ನು ನೋಡಿದರು. ಗಾಜು ಎಷ್ಟು ನಿಚ್ಚಳವಾಗಿ ಕಾಣುತ್ತಿದೆ, ಕಲ್ಲಿನ ಮೇಲಿನ ಚುಕ್ಕಿ ಕೂಡ ಎಣಿಸಬಹುದು, ಡಾಕ್ಟರ ಕೈಯಲ್ಲಿ ಜಾದೂ ಇದೆ ಎಂದರು. ಅವಳು ಬಾಗಿಲ ಹತ್ತಿರ ನಿಂತಿದ್ದಳು. ಅದು ಡಾಕ್ಟರ ಜಾದೂ ಅಲ್ಲ, ತಾನು ಉಜ್ಜಿದ್ದು ಎಂದು ಹೇಳಬೇಕಾದ ಗಳಿಗೆ ಅದೇ ಆಗಿತ್ತು. ಮಾವ ತಿರುಗಿ, ಹೊಸ ಕಣ್ಣುಗಳಿಂದ ಅವಳ ಮುಖವನ್ನು ನೋಡಿದರು.

"ಸ್ಪಂಜು ಮುಟ್ಟಿಲ್ಲ ತಾನೆ?"

"ಇಲ್ಲ ಮಾವ."

ಅವರು ತಲೆಯಾಡಿಸಿದರು. ನೀನು ಮುಟ್ಟಿರಲಾರೆ ಎಂದು ಗೊತ್ತಿತ್ತು, ಸುಮ್ಮನೆ ಕೇಳಿದೆ ಎಂದರು. ಆಮೇಲೆ ತಮ್ಮ ಅಂಗೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಮ್ಮ ಕಥೆ ಹೇಳಿದರು. ಹೊರಡುವ ದಿನ, ಸೊಸೆ ಚೀಲ ತರಲು ಒಳಗೆ ಹೋದಾಗ, ಹೋಗುವ ಮುಂಚೆ ತನ್ನ ಕೈಯಿಂದಲೇ ಒಂದು ಚಿಟಿಕೆ ಹಾಕೋಣ ಎಂದು ಊಟದ ಡಬ್ಬಿ ತೆಗೆದರಂತೆ. ಮುಚ್ಚಳ ಕಳಚಿ ಡಬ್ಬಿ ವಾಲಿತು. ಎಷ್ಟು ಬಿತ್ತೋ ಕಾಣಲಿಲ್ಲ, ಕೈಯಾಡಿಸಿ ಸಿಕ್ಕಷ್ಟು ತೆಗೆದರು, ರೈಲಿಗೆ ಹೊತ್ತಾಗಿತ್ತು. ಹೆಚ್ಚಿನ ಊಟ ತೊಟ್ಟಿಯಲ್ಲಿ ಕೊಳೆತು ನೀರು ವಿಷವಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆಪರೇಷನ್ ಟೇಬಲ್ಲಿನ ಮೇಲೂ ಅದೇ ಯೋಚನೆಯಂತೆ.

"ನನ್ನ ಕೈಯೇ ಕೊಂದಿತಮ್ಮ," ಎಂದರು. "ಅಂದಾಜು ತಪ್ಪಿದ ಕೈ."

ಅವಳು ಡಬ್ಬಿಯನ್ನು ನೋಡಿದ್ದಳು. ಅದು ಮುಕ್ಕಾಲು ತುಂಬಿಯೇ ಇತ್ತು, ಬಿದ್ದದ್ದು ಒಂದು ಚಮಚದಷ್ಟೂ ಇದ್ದಿರಲಾರದು. ಅವರು ಹೋದ ಮೇಲೂ ಮೀನುಗಳು ದಿನಗಟ್ಟಲೆ ಚೆನ್ನಾಗಿಯೇ ಇದ್ದವು, ಅದಕ್ಕೆ ಅವಳೇ ಸಾಕ್ಷಿ. ಬಾಯಿ ತೆರೆದರೆ ಆ ಮುದುಕರ ಎದೆಯ ಮೇಲಿನ ಬಂಡೆ ಇಳಿಯುತ್ತಿತ್ತು. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯಾದರೂ ಕೈಯೆತ್ತಿ ಒರೆಸಬೇಕಾಯಿತು, ಇಲ್ಲಿ ಮೇಕೆಯೇ ಬಾಯಿ ಮುಂದೆ ತಂದಿತ್ತು. ಅಳಬಾರದು ಎಂದಿದ್ದಾರೆ ಡಾಕ್ಟರು, ಕಣ್ಣಿಗೆ ಔಷಧದ ಹನಿ ಹಾಕುವ ದಿನಗಳು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡು ಅವಳು ಅಡುಗೆಮನೆಗೆ ಹೋದಳು.

ಹನಿ ಹಾಕುವ ದಿನಗಳು ಮುಗಿದವು. ಆಮೇಲೂ ಹೇಳಲಿಲ್ಲ.

ಮಾವನಿಗೆ ಈಗ ಎದುರು ಸಾಲಿನ ಗಡಿಯಾರದ ಮುಳ್ಳು ಕೂಡ ಕಾಣುತ್ತಿತ್ತು, ಆದರೆ ಅವರು ತಮ್ಮ ಕೈಯನ್ನು ನಂಬುವುದನ್ನು ಬಿಟ್ಟರು. ಮೊದಮೊದಲು ಸಣ್ಣ ಸಣ್ಣ ವಿಷಯ. ಚಹಾಕ್ಕೆ ಸಕ್ಕರೆ ನೀನೇ ಹಾಕಮ್ಮ ಅನ್ನುವುದು, ಸಾರಿಗೆ ಉಪ್ಪು ಬೇಕಾದರೆ ಕೇಳುವುದು, ಗ್ಯಾಸಿನ ಒಲೆಯ ಹತ್ತಿರ ಸುಳಿಯದಿರುವುದು. ಪೊರೆ ಇದ್ದಾಗಲೂ ತಮ್ಮ ಮುಖ ತಾವೇ ಬೋಳಿಸಿಕೊಳ್ಳುತ್ತಿದ್ದವರು ಈಗ ಕ್ಷೌರದಂಗಡಿಗೆ ಹೋಗತೊಡಗಿದರು. ಕಣ್ಣು ಕೊಟ್ಟು ಕೈ ಕಿತ್ತುಕೊಂಡ್ರಲ್ಲಪ್ಪ ಡಾಕ್ಟರು ಎಂದು ಗಂಡ ತಮಾಷೆ ಮಾಡಿದರೆ ಮಾವ ನಗುತ್ತಿದ್ದರು. ಕಿತ್ತುಕೊಂಡವರು ಯಾರು ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ.

ಮೀನು ತಂದುಬಿಟ್ಟರೆ ಎಲ್ಲ ಸರಿಹೋದೀತು ಎಂದು ಒಂದು ಸಂಜೆ ಗಂಡನಿಗೆ ಹೇಳಿ ಮೀನಿನಂಗಡಿಗೆ ಹೋದಳು. ಅಂಗಡಿಯವಳು ಬಾಯಲ್ಲಿ ರಬ್ಬರ್ ಬ್ಯಾಂಡ್ ಕಚ್ಚಿಕೊಂಡು ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬುತ್ತಿದ್ದಳು. ಅರ್ಧ ಮಾತು ರಬ್ಬರಿನಲ್ಲೇ ಹೋಗುತ್ತಿತ್ತು. ಹಿಂಡೇ ಸತ್ತಿದೆ, ಹೊಸದು ಬೇಕು ಎಂದಾಗ, ಹಳೆಯವು ಹೇಗೆ ಸತ್ತವು ಎಂದು ಕೇಳಿದಳು. ಪರಿಚಯವಿಲ್ಲದವಳ ಮುಂದೆ ನಿಜ ಹೇಳುವುದು ಎಷ್ಟು ಸುಲಭ! ಸೊಸೆ ಎಲ್ಲವನ್ನೂ ಹೇಳಿದಳು. ಅಂಗಡಿಯವಳು ರಬ್ಬರ್ ಬ್ಯಾಂಡ್ ಬಾಯಿಂದ ತೆಗೆದಳು. ಆ ಕೊಳಕು ಸ್ಪಂಜಿನಲ್ಲೇ ಕಣ್ಣಿಗೆ ಕಾಣದ ಜೀವಗಳು ಮನೆ ಮಾಡಿಕೊಂಡಿರುತ್ತವೆ, ಮೀನು ಮಾಡಿದ ಹೊಲಸನ್ನು ತಿಂದು ನೀರನ್ನು ಕಾಪಾಡುವವು ಅವೇ, ನಲ್ಲಿ ನೀರಿನ ಕ್ಲೋರಿನ್ ಬಿದ್ದರೂ ಸಾಯುತ್ತವೆ, ಇನ್ನು ಬಿಸಿನೀರು ಹೊಯ್ದರೆ ಕೇಳಬೇಕೇ ಎಂದಳು. ಅವು ಸತ್ತರೆ ಮೀನು ತನ್ನ ಹೊಲಸಿನಲ್ಲೇ ಉಸಿರುಕಟ್ಟಿ ಸಾಯುತ್ತದೆ, ನೀರು ನೋಡುವುದಕ್ಕೆ ಮಾತ್ರ ಕನ್ನಡಿಯ ಹಾಗಿರುತ್ತದೆ. ಈಗಲೇ ಮೀನು ಬಿಡಬೇಡ, ತೊಟ್ಟಿಗೆ ಜೀವ ಬರಲು ತಿಂಗಳಾದರೂ ಬೇಕು ಎಂದು ಬರಿಗೈಯಲ್ಲಿ ಕಳಿಸಿದಳು.

ಕಾಣದ ಜೀವಗಳನ್ನು ಕೊಲ್ಲುವುದರಲ್ಲಿ ಆ ಊರಿಗೇ ಮೊದಲಿಗಳು ತಾನು ಎಂದು ಅವಳು ಹೆಮ್ಮೆಪಟ್ಟದ್ದುಂಟು. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲು ಮನಸ್ಸಾಗಲಿಲ್ಲ. ಅಷ್ಟು ದಿನ ಬರೀ ಅನುಮಾನ ಎಂದು ಮನಸ್ಸಿಗೆ ಸುಳ್ಳು ಹೇಳಿಕೊಳ್ಳಬಹುದಿತ್ತು. ಇನ್ನು ಅದೂ ಇಲ್ಲ.

ಅವತ್ತೇ ಹೇಳಬೇಕೆಂದು ಮನೆಗೆ ಬಂದಳು. ಮಾವ ಮಗಳ ಜೊತೆ ಫೋನಿನಲ್ಲಿದ್ದರು. ನಿಮ್ಮ ಅತ್ತಿಗೆಯ ವಿಷಯ ಕೇಳಬೇಡ, ಮುಟ್ಟಬೇಡ ಅಂದರೆ ಮುಟ್ಟದವಳು, ಅಷ್ಟು ಶುಚಿಯ ಹುಚ್ಚಿದ್ದರೂ ನನ್ನ ಒಂದು ಮಾತಿಗೆ ಕೈ ಕಟ್ಟಿಕೊಂಡು ಕೂತಳು, ಹಾಳು ಮಾಡಿದ್ದು ನಾನು ಎನ್ನುತ್ತಿದ್ದರು. ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಬೈಗುಳ ಬಾಯಿ ಕಟ್ಟುವುದಿಲ್ಲ, ಹೊಗಳಿಕೆ ಕಟ್ಟುತ್ತದೆ. ಆಮೇಲೆ ಬಂದವರು ಹೋದವರ ಎದುರೆಲ್ಲ ಮಾವ ಅದೇ ಮಾತು ಹೇಳಿದರು, ಪ್ರತಿ ಸಲವೂ ಅವಳ ಬಾಯಿಗೆ ಇನ್ನೊಂದು ಬೀಗ ಬಿತ್ತು.

ಕ್ಷೌರದಂಗಡಿಯವನು ಹಲಗೆ ತಂದಿಟ್ಟು ಕಾಯುತ್ತಿದ್ದ. ಮಾವ ಅದಕ್ಕೆ ಬಿಳಿ ಬಳಿದು ಒಣಗಿಸಿ, ಒಂದು ಬೆಳಿಗ್ಗೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿದರು. ಗೆರೆ ನೂಲು ಹಿಡಿದಂತೆ ನೇರವಾಗಿತ್ತು. ಅವಳು ಕಿಟಕಿಯಿಂದ ನೋಡುತ್ತಿದ್ದಳು. ಕುಂಚ ಬಣ್ಣಕ್ಕೆ ಅದ್ದಿದರು. ಎತ್ತಿದರು. ಹಲಗೆಯ ಹತ್ತಿರ ಒಯ್ದರು. ಅಲ್ಲಿ ನಿಲ್ಲಿಸಿಕೊಂಡು ಬಹಳ ಹೊತ್ತು ಕುಳಿತರು. ಬಣ್ಣ ತೊಟ್ಟಿಕ್ಕಿ ಬಿಳಿಯ ಮೇಲೆ ಬಿತ್ತು. ಬಟ್ಟೆಯಿಂದ ಅದನ್ನು ಒರೆಸಿ, ಕುಂಚವನ್ನು ತೊಳೆದು, ಹಲಗೆಯನ್ನು ಗೋಡೆಯ ಕಡೆ ತಿರುಗಿಸಿಟ್ಟರು. ಕಣ್ಣು ಸರಿಯಾಗಿದೆ, ಕೈಗೆ ಅಂದಾಜು ಹೋಗಿದೆ ಎಂದು ಕ್ಷೌರದಂಗಡಿಯವನಿಗೆ ಹೇಳಿ ಕಳಿಸಿದರು. ಕುಂಚಗಳನ್ನು ಒಬ್ಬ ಗೋಡೆ ಬಳಿಯುವವನಿಗೆ ಕೊಟ್ಟೇಬಿಟ್ಟರು. ಅವನು ಅವುಗಳಿಂದ ಕಿಟಕಿಯ ಸರಳುಗಳಿಗೆ ಬಣ್ಣ ಹಚ್ಚುತ್ತಿದ್ದುದನ್ನು ಅವಳೇ ಕಂಡಳು.

ಹಾಗೆ ಆ ಅಂಗಡಿಗೆ ಒಂದು ದಿನ ಫ್ಲೆಕ್ಸ್ ಬೋರ್ಡು ಬಂತು. ಹಳದಿ ನೆಲದ ಮೇಲೆ ಕೆಂಪು ಅಕ್ಷರ, ಪಕ್ಕದಲ್ಲಿ ಯಾವನೋ ಗುಂಗುರು ಕೂದಲಿನವನ ಫೋಟೊ. ಮಾವ ಮೆಟ್ಟಿಲ ಮೇಲೆ ನಿಂತು ಅದನ್ನು ಕಟ್ಟುವುದನ್ನು ಪೂರ್ತಿ ನೋಡಿದರು. ಒಳಗೆ ಬಂದು, ಚೆನ್ನಾಗಿದೆ, ಯಂತ್ರಕ್ಕೆ ಕೈ ತಪ್ಪುವ ಭಯವಿಲ್ಲ ಎಂದು ಕುಳಿತರು. ದನಿಯಲ್ಲಿ ಕೋಪವೂ ಇರಲಿಲ್ಲ, ದುಃಖವೂ ಇರಲಿಲ್ಲ. ಅದನ್ನು ಅವಳಿಗೆ ತಡೆಯಲಾಗಲಿಲ್ಲ. ಗಂಡ ಆಗಷ್ಟೇ ಕೆಲಸದಿಂದ ಬಂದು ಒಳಗೆ ಬಟ್ಟೆ ಬದಲಿಸುತ್ತಿದ್ದ. ಅವಳು ಮಾವನ ಎದುರಿಗೆ ಸ್ಟೂಲು ಎಳೆದುಕೊಂಡು ಕುಳಿತಳು.

"ಮಾವ, ಮೀನು ಸತ್ತಿದ್ದು ನಿಮ್ಮಿಂದ ಅಲ್ಲ. ನಾನು ಸ್ಪಂಜು ಬಿಸಿನೀರಲ್ಲಿ ತೊಳೆದೆ. ಒಂದಲ್ಲ, ಎರಡು ಸಲ. ನೀವು ಕೇಳಿದಾಗ ಇಲ್ಲ ಅಂತ ಸುಳ್ಳು ಹೇಳಿದೆ."

ಅಷ್ಟು ಹೇಳಿ ತಲೆ ತಗ್ಗಿಸಿದಳು. ಬೈಯಲಿ, ಮಾತು ಬಿಡಲಿ, ಮಗನನ್ನು ಕರೆದು ನಿನ್ನ ಹೆಂಡತಿ ಇಂಥವಳು ಎನ್ನಲಿ, ಏನಾದರೂ ಸರಿ. ಎಷ್ಟೋ ದಿನಗಳ ಮೇಲೆ ಎದೆ ಹಗುರಾದ ಹಾಗಿತ್ತು. ಕೆಟ್ಟ ಮೇಲಾದರೂ ಬುದ್ಧಿ ಬಂತಲ್ಲ ಎಂದುಕೊಂಡಳು. ಆಮೇಲೆ ತಲೆ ಎತ್ತಿ ಮಾವನನ್ನು ನೋಡಿದಳು. ಅವರ ಕಣ್ಣು ತುಂಬಿತ್ತು, ಮುಖದಲ್ಲಿ ನಗು ಇತ್ತು.

"ಮೀನಿನಂಗಡಿಗೆ ಹೋಗಿದ್ದೆಯಂತೆ. ನಿನ್ನ ಗಂಡ ಹೇಳಿದ."

"ಹೋಗಿದ್ದೆ. ಅದಕ್ಕೂ ಇದಕ್ಕೂ..."

"ಸ್ಪಂಜಿನ ವಿಷಯ ಆ ಅಂಗಡಿಯವಳು ಹೇಳಿರ್ತಾಳೆ. ನಂಗೂ ಅವಳೇ ಹೇಳಿದ್ದು. ಈಗ ಅದನ್ನ ತಂದು ನಿನ್ನ ಮೇಲೆ ಹಾಕ್ಕೊಳ್ತಿದೀಯಾ, ಈ ಮುದುಕನಿಗೆ ಸಮಾಧಾನ ಆಗ್ಲಿ ಅಂತ."

ಅವಳಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಗಾಬರಿಯಾಯಿತು. ಇಲ್ಲ ಮಾವ, ನಿಜವಾಗಿ ತೊಳೆದೆ, ಕಲ್ಲು ಕೂಡ ಕುದಿಸಿದೆ, ಗಾಜು ಹೊಳೆಯುತ್ತಿತ್ತಲ್ಲ, ಅದನ್ನು ಉಜ್ಜಿದ್ದೂ ನಾನೇ, ಕ್ರಿಮಿನಾಶಕ ಹಾಕಿದೆ ಎಂದು ಒಂದರ ಮೇಲೊಂದು ಹೇಳಿದಳು. ಹೇಳಿದಷ್ಟೂ ಮಾವನ ಮುಖ ಇನ್ನಷ್ಟು ಮೃದುವಾಯಿತು. ಎಷ್ಟು ಚೆನ್ನಾಗಿ ಹೊಂದಿಸಿಕೊಂಡು ಬಂದಿದ್ದೀಯಮ್ಮ ಎಂದರು. ಆಣೆ ಇಡಲು ಹೋದವಳ ಕೈಯನ್ನು ಹಿಡಿದು ತಡೆದರು.

"ನೀನು ಸುಳ್ಳು ಹೇಳೋಳಲ್ಲ ಕಣಮ್ಮ. ಅವತ್ತು ಕೇಳಿದಾಗ ನಿನ್ನ ಮುಖ ನೋಡಿದ್ನಲ್ಲ ನಾನು, ಹೊಸ ಕಣ್ಣಲ್ಲಿ. ಆ ಮುಖದಲ್ಲಿ ಸುಳ್ಳಿರಲಿಲ್ಲ. ಇವತ್ತು ಮೊದಲನೇ ಸಲ ಸುಳ್ಳು ಹೇಳ್ತಿದೀಯಾ, ಅದೂ ನನಗೋಸ್ಕರ."

ಗಂಡ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದ. ಮಾವ ಅವನನ್ನು ಕರೆದು ಕೂರಿಸಿಕೊಂಡು, ನನ್ನ ಹೊರೆ ಹೊರುವುದಕ್ಕೆ ಇವಳು ಇಲ್ಲದ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದಾಳೆ, ಹೆತ್ತ ಮಗಳೂ ಇಷ್ಟು ಮಾಡುವುದಿಲ್ಲ, ನೀನು ಯಾವ ಜನ್ಮದಲ್ಲೋ ಪುಣ್ಯ ಮಾಡಿದ್ದೆ ಎಂದರು. ಗಂಡ ಅವಳನ್ನು ನೋಡಿದ. ನೋಟದಲ್ಲಿ ತಮಾಷೆ ಇರಲಿಲ್ಲ, ಮದುವೆಯಾದ ಹೊಸತರಲ್ಲಿ ನೋಡುತ್ತಿದ್ದ ಹಾಗೆ ನೋಡಿದ. ಅಪ್ಪ ಹೇಳೋದು ನಿಜವಾ ಎಂದು ಅವನು ಕೇಳಿದ್ದರೆ ಇನ್ನೊಂದು ಸಲ ಹೇಳಬಹುದಿತ್ತು. ಅವನು ಕೇಳಲಿಲ್ಲ, ಅವಳ ಹೆಗಲ ಮೇಲೆ ಕೈಯಿಟ್ಟ.

ಇನ್ನು ಯಾವ ಮಾತು ಹೇಳಿದರೂ ಅದು ಅವಳ ದೊಡ್ಡ ಗುಣದ ಲೆಕ್ಕಕ್ಕೇ ಹೋಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವಳದು ಆಡಬೇಕಾದ ದಿನ ಆಡದೆ ಹೋದ ಮಾತು.

ಊಟಕ್ಕೆ ಕುಳಿತಾಗ ಮಾವ ಎಂದಿಗಿಂತ ಗೆಲುವಾಗಿದ್ದರು. ಮೀನು ಮತ್ತೆ ತರುವುದಾದರೆ ತನ್ನ ಅಭ್ಯಂತರವಿಲ್ಲ, ಆದರೆ ಅವುಗಳ ಊಟ, ನೀರು ಎಲ್ಲ ಸೊಸೆಯ ಕೈಯಲ್ಲೇ ಇರಲಿ, ತಾನು ದೂರದಿಂದ ನೋಡುತ್ತೇನೆ ಎಂದರು. ಗಂಡ ಆಗಲಿ ಎಂದ. ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತ ಕುಳಿತಿದ್ದಳು. ಮಾವ ಖಾಲಿ ಲೋಟವನ್ನು ಅವಳ ಕಡೆ ಸರಿಸಿದರು.

"ಸ್ವಲ್ಪ ನೀರು ಹಾಕಮ್ಮ. ನಾನು ಹಾಕಿದ್ರೆ ಚೆಲ್ತೀನಿ."

ನೀರಿನ ತಂಬಿಗೆ ಅವರ ಕೈಯ ಪಕ್ಕದಲ್ಲೇ ಇತ್ತು. ಅವಳು ಎದ್ದು ಬಂದು, ಅದನ್ನು ಎತ್ತಿ, ಲೋಟಕ್ಕೆ ನೀರು ಬಗ್ಗಿಸಿದಳು.